ಹೋಟೆಲಿಗಿಂತ ಮೊದಲು ತೀರವನ್ನು ಆರಿಸಿಕೊಳ್ಳಿ: ಕೆರಿಬಿಯನ್ ರಜೆಯ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಕೆರಿಬಿಯನ್ ದ್ವೀಪಗಳಲ್ಲಿ ಕಡಲತೀರದ ರಜೆಗೆಂದು ರೆಸಾರ್ಟ್ ಆರಿಸುವುದು ಹೇಗೆ ಎಂದು ಕೇಳಿ ಹಲವು ಪತ್ರಗಳು ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಆರಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ. ಮೊದಲ ಉತ್ತರ ದೀರ್ಘವಾಗಿದೆ. ಉಳಿದವೆಲ್ಲ ಅದರ ಮೇಲೆಯೇ ನಿಂತಿರುವುದರಿಂದ ಅದನ್ನು ಬಿಟ್ಟು ಮುಂದೆ ಹೋಗಬಾರದೆಂದು ಕೋರುತ್ತೇನೆ.

ಪ್ರಶ್ನೆ: ಮಾನ್ಯರೇ, ನಾವಿಬ್ಬರು, ಎಂಟು ವರ್ಷದ ಮಗಳು ಮತ್ತು ಎಪ್ಪತ್ತು ದಾಟಿದ ನಮ್ಮ ಅತ್ತೆಯವರು ಬರುವ ಫೆಬ್ರುವರಿಯಲ್ಲಿ ಒಂದು ವಾರ ಕೆರಿಬಿಯನ್ ದ್ವೀಪವೊಂದರಲ್ಲಿ ಇರಬೇಕೆಂದಿದ್ದೇವೆ. ಬಾರ್ಬಡೋಸ್, ಸೇಂಟ್ ಲೂಸಿಯಾ, ಅರೂಬಾ ಮತ್ತು ಜಮೈಕಾದ ರೆಸಾರ್ಟುಗಳ ಚಿತ್ರಗಳನ್ನು ತಿಂಗಳಿನಿಂದ ನೋಡುತ್ತಿದ್ದೇವೆ. ಎಲ್ಲ ಕಡೆಯೂ ಅದೇ ನೀಲಿ ನೀರು, ಅದೇ ಈಜುಕೊಳ, ಅದೇ ನಾಲ್ಕೂವರೆ ನಕ್ಷತ್ರ. ಆಯ್ಕೆಯನ್ನು ಎಲ್ಲಿಂದ ಆರಂಭಿಸಬೇಕು?

ಉತ್ತರ: ಚಿತ್ರಗಳನ್ನೂ ನಕ್ಷತ್ರಗಳನ್ನೂ ಸದ್ಯಕ್ಕೆ ಪಕ್ಕಕ್ಕಿಟ್ಟು ದ್ವೀಪದ ನಕ್ಷೆಯನ್ನು ತೆರೆಯಿರಿ. ನಕ್ಷತ್ರಗಳನ್ನು ಎಲ್ಲ ದ್ವೀಪಗಳಿಗೂ ಒಂದೇ ಅಳತೆಗೋಲಿನಲ್ಲಿ ಕೊಡುವ ಸಂಸ್ಥೆ ಯಾವುದೂ ಇಲ್ಲ. ಒಂದು ಬುಕಿಂಗ್ ತಾಣದ ನಾಲ್ಕೂವರೆ ಇನ್ನೊಂದರ ನಾಲ್ಕಾಗಿರಬಹುದು. ಅದಕ್ಕಿಂತ ಮುಖ್ಯವಾಗಿ, ನಕ್ಷತ್ರಗಳು ಕಟ್ಟಡದ ಗುಣವನ್ನು ಹೇಳುತ್ತವೆ, ಕಡಲಿನ ಗುಣವನ್ನಲ್ಲ. ನೀವು ಅಷ್ಟು ದೂರ ಹೋಗುವುದು ಕಡಲಿಗಾಗಿ.

ಕೆರಿಬಿಯನ್ ಪ್ರದೇಶದಲ್ಲಿ ವರ್ಷದ ಬಹುಭಾಗ ವಾಣಿಜ್ಯ ಮಾರುತಗಳು ಪೂರ್ವ ಮತ್ತು ಈಶಾನ್ಯ ದಿಕ್ಕಿನಿಂದ ಬೀಸುತ್ತವೆ. ಆಫ್ರಿಕಾದಿಂದ ಇತ್ತ ಸಾವಿರಾರು ಕಿಲೋಮೀಟರ್ ಯಾವ ಅಡೆತಡೆಯೂ ಇಲ್ಲದೆ ಬಂದ ಅಟ್ಲಾಂಟಿಕ್ ಅಲೆಗಳು ಮೊದಲು ಅಪ್ಪಳಿಸುವುದು ದ್ವೀಪಗಳ ಪೂರ್ವ ತೀರಗಳಿಗೆ. ಪಶ್ಚಿಮ ತೀರಗಳಿಗೆ ದ್ವೀಪವೇ ಗೋಡೆಯಾಗಿ ನಿಲ್ಲುತ್ತದೆ. ಬಾರ್ಬಡೋಸ್ ಸುಮಾರು 34 ಕಿಲೋಮೀಟರ್ ಉದ್ದ, 23 ಕಿಲೋಮೀಟರ್ ಅಗಲದ ಪುಟ್ಟ ನಾಡು. ಅದರ ಪೂರ್ವ ತೀರದ ಬಾತ್‌ಶೀಬಾಕ್ಕೆ ಅಲೆಯ ಮೇಲೆ ಹಲಗೆ ಹಾಯಿಸುವ ಸರ್ಫರುಗಳು ಹುಡುಕಿಕೊಂಡು ಬರುತ್ತಾರೆ, ಆದರೆ ಅಲ್ಲಿ ಸಾಮಾನ್ಯರು ಈಜಲು ಇಳಿಯುವುದು ಅಪಾಯಕರ. ಅದೇ ದ್ವೀಪದ ಪಶ್ಚಿಮದಲ್ಲಿ, ಸೇಂಟ್ ಜೇಮ್ಸ್ ಎಂಬ ಭಾಗದಲ್ಲಿ, ಬಹುತೇಕ ದಿನಗಳಲ್ಲಿ ನೀರು ಕೆರೆಯಂತೆ ತಣ್ಣಗೆ ಮಲಗಿರುತ್ತದೆ. ದಕ್ಷಿಣ ತೀರ ಇವೆರಡರ ನಡುವಿನದು: ಅಲೆ ಇರುತ್ತದೆ, ಆದರೆ ಹಲವು ಕಡೆ ಆಡುವಷ್ಟು ಮಾತ್ರ. ‘ಬಾರ್ಬಡೋಸಿನಲ್ಲಿ ಸಮುದ್ರ ಹೇಗಿದೆ’ ಎಂದು ಕೇಳಿದರೆ ಮೂರು ಸತ್ಯವಾದ ಉತ್ತರಗಳು ಬರುವುದು ಇದರಿಂದಲೇ.

ಈ ಪಾಠವನ್ನು ನಾನು ಕಲಿತದ್ದು ಕಷ್ಟಪಟ್ಟು. ಬಹಳ ವರ್ಷಗಳ ಹಿಂದೆ ದ್ವೀಪವೊಂದರ ಪೂರ್ವ ಅಂಚಿನ ಹೋಟೆಲೊಂದನ್ನು ಚಿತ್ರ ನೋಡಿ ಕಾಯ್ದಿರಿಸಿದ್ದೆ. ಕೋಣೆ, ಊಟ, ಸಿಬ್ಬಂದಿಯ ಸೌಜನ್ಯ ಎಲ್ಲವೂ ಚೆನ್ನಾಗಿದ್ದವು, ಆದರೆ ಐದು ದಿನವೂ ತೀರದಲ್ಲಿ ಕೆಂಪು ಬಾವುಟ ಹಾರುತ್ತಿತ್ತು. ಜೊತೆಗೆ ಬಂದಿದ್ದ ಮಕ್ಕಳು ಬೇಲಿಯ ಈಚೆ ನಿಂತು ಅಲೆ ನೋಡುತ್ತಿದ್ದುದು ಇಂದಿಗೂ ಮನಸ್ಸಿನಲ್ಲಿ ಉಳಿದಿದೆ.

ದಿಕ್ಕಿನ ನಂತರ ನೋಡಬೇಕಾದದ್ದು ದ್ವೀಪ ಯಾವ ಕಲ್ಲಿನಿಂದ ಆಗಿದೆ ಎಂಬುದನ್ನು. ಬಾರ್ಬಡೋಸ್, ಆಂಗ್ವಿಲಾ, ಗ್ರ್ಯಾಂಡ್ ಕೇಮನ್‌ನಂಥವುಗಳ ಮೇಲ್ಮೈ ಹವಳದಿಂದಾದ ಸುಣ್ಣಕಲ್ಲು. ಅವು ಹೆಚ್ಚು ಎತ್ತರವಿಲ್ಲ, ಮರಳು ಬಿಳಿ. ಸೇಂಟ್ ಲೂಸಿಯಾ, ಡೊಮಿನಿಕಾ, ಸೇಂಟ್ ವಿನ್ಸೆಂಟ್ ಜ್ವಾಲಾಮುಖಿಯಿಂದ ಎದ್ದವು. ಅಲ್ಲಿ ಬೆಟ್ಟ, ಕಾಡು, ಮಳೆ, ಜಲಪಾತ ಎಲ್ಲವೂ ಇವೆ, ಆದರೆ ಅನೇಕ ತೀರಗಳ ಮರಳು ಬೂದು ಅಥವಾ ಕಪ್ಪು. 2004ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸೇಂಟ್ ಲೂಸಿಯಾದ ಪಿಟಾನ್ ಶಿಖರಗಳ ಎದುರು ಬೆಳಗ್ಗೆ ಕಣ್ಣು ತೆರೆಯುವ ಸುಖಕ್ಕೆ ಸಾಟಿ ಕಡಿಮೆ ಎಂದೇ ನಾನು ಭಾವಿಸುತ್ತೇನೆ. ಆದರೆ ಅಲ್ಲಿಯ ಹಲವು ರೆಸಾರ್ಟುಗಳು ಬೆಟ್ಟದ ಇಳಿಜಾರಿನಲ್ಲಿವೆ. ಕೋಣೆಯಿಂದ ಊಟದ ಮನೆಗೆ, ಅಲ್ಲಿಂದ ಕಡಲಿಗೆ ಮೆಟ್ಟಿಲ ಮೇಲೆ ಮೆಟ್ಟಿಲು. ಮೊಣಕಾಲು ನೋವಿರುವ ಹಿರಿಯರು ಮೂರನೆಯ ದಿನಕ್ಕೆ ಕೋಣೆ ಬಿಟ್ಟು ಹೊರಗೆ ಬರುವುದನ್ನೇ ನಿಲ್ಲಿಸಿಬಿಡುತ್ತಾರೆ.

ಮೂರನೆಯದು ವಿಮಾನ ನಿಲ್ದಾಣದಿಂದ ರೆಸಾರ್ಟಿಗೆ ಇರುವ ದಾರಿ. ನಕ್ಷೆಯಲ್ಲಿ ಅಂಗೈಯಗಲದ ದ್ವೀಪ ಎಂದು ಇದನ್ನು ಕಡೆಗಣಿಸಬಾರದು. ಸೇಂಟ್ ಲೂಸಿಯಾದಲ್ಲಿ ದೊಡ್ಡ ವಿಮಾನಗಳು ಇಳಿಯುವ ಹ್ಯೂವನೋರಾ ನಿಲ್ದಾಣ ದಕ್ಷಿಣ ತುದಿಯಲ್ಲಿದೆ, ಆದರೆ ಬಹುಪಾಲು ಹೋಟೆಲುಗಳಿರುವ ರಾಡ್ನಿ ಬೇ ಉತ್ತರದಲ್ಲಿದೆ. ನಡುವಿನ ತಿರುವು ರಸ್ತೆ ಸುಮಾರು ಒಂದೂವರೆ ಗಂಟೆ ಹಿಡಿಯುತ್ತದೆ. ಜಮೈಕಾದಲ್ಲಿ ಮಾಂಟೆಗೊ ಬೇ ನಿಲ್ದಾಣದಿಂದ ಪಶ್ಚಿಮ ತುದಿಯ ನೆಗ್ರಿಲ್‌ಗೂ ಹೆಚ್ಚು ಕಡಿಮೆ ಅಷ್ಟೇ ಹೊತ್ತು. ಅರೂಬಾದಲ್ಲಿ ಅರ್ಧ ಗಂಟೆಯೊಳಗೆ ಕೋಣೆ ಸೇರಬಹುದು. ದೀರ್ಘ ವಿಮಾನ ಪ್ರಯಾಣದ ಮೇಲೆ ಬರುವ ಈ ರಸ್ತೆ ಪ್ರಯಾಣ ಮಗುವಿಗೂ ಹಿರಿಯರಿಗೂ ಎಷ್ಟು ಭಾರವಾಗುತ್ತದೆ ಎಂಬುದನ್ನು ನೀವೇ ಅಂದಾಜು ಮಾಡಬಲ್ಲಿರಿ.

ಇಷ್ಟನ್ನೂ ತೂಗಿ ನೋಡಿದರೆ ನಿಮ್ಮ ಕುಟುಂಬಕ್ಕೆ ನಾನು ಹೇಳುವುದು ಬಾರ್ಬಡೋಸಿನ ಪಶ್ಚಿಮ ತೀರ ಅಥವಾ ಅರೂಬಾದ ಪಶ್ಚಿಮ ತೀರ. ಅರೂಬಾದಲ್ಲಿ ಪಾಮ್ ಬೀಚ್ ಎಂಬಲ್ಲಿ ಬಹುಮಹಡಿ ಹೋಟೆಲುಗಳು ಸಾಲಾಗಿವೆ. ಲಿಫ್ಟ್ ಇರುತ್ತದೆ, ನೆಲ ಸಮತಟ್ಟು, ನೀರು ಶಾಂತ. ಅದರ ದಕ್ಷಿಣಕ್ಕಿರುವ ಈಗಲ್ ಬೀಚಿನ ಕಟ್ಟಡಗಳು ತಗ್ಗು, ತೀರ ಹೆಚ್ಚು ಅಗಲ, ಜನಸಂದಣಿ ಕಡಿಮೆ. ಮಳೆ ಅಲ್ಲಿ ತೀರ ಅಪರೂಪ, ಆದರೆ ಗಾಳಿ ನಿಲ್ಲುವುದೇ ಇಲ್ಲ. ಅರೂಬಾದ ಗುರುತಾಗಿರುವ ದಿವಿದಿವಿ ಮರಗಳು ಒಂದೇ ಕಡೆಗೆ ಬಾಗಿ ಬೆಳೆದಿರುವುದು ಆ ಗಾಳಿಯಿಂದಲೇ. ಹಸಿರು ಬೇಕೆನ್ನುವವರಿಗೆ ಆ ದ್ವೀಪ ಒಣಗಿದಂತೆ ಕಾಣಬಹುದು. ಬಾರ್ಬಡೋಸಿನ ಪಶ್ಚಿಮ ತೀರ ಹೆಚ್ಚು ಹಸಿರು, ಹೆಚ್ಚು ದುಬಾರಿ. ಅಲ್ಲಿ ಒಂದು ಎಚ್ಚರಿಕೆ ಅಗತ್ಯ: ತೀರದ ಅಂಚಿನಲ್ಲಿ ಮಾಂಚಿನೀಲ್ ಎಂಬ ಮರಗಳಿವೆ. ಅವುಗಳ ಕಾಯಿ ಪುಟ್ಟ ಹಸಿರು ಸೇಬಿನಂತೆ ಕಾಣುತ್ತದೆ, ಆದರೆ ಕಾಯಿಯೂ ಹಾಲೂ ವಿಷ. ಮಳೆ ಬಂದಾಗ ಆ ಮರದಡಿ ನಿಂತರೂ ಚರ್ಮ ಬೊಬ್ಬೆ ಏಳುತ್ತದೆ. ಹಲವು ಮರಗಳ ಕಾಂಡಕ್ಕೆ ಕೆಂಪು ಬಣ್ಣದ ಗುರುತು ಹಚ್ಚಿರುತ್ತಾರೆ. ಮಗಳಿಗೆ ಮೊದಲ ದಿನವೇ ಅದನ್ನು ತೋರಿಸಿ ಹೇಳಿಬಿಡಿ.

ಫೆಬ್ರುವರಿ ಅಲ್ಲಿ ಒಣ ಹವೆಯ ಕಾಲ. ಡಿಸೆಂಬರ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ ಬೇಡಿಕೆಯೂ ಬೆಲೆಯೂ ಏರಿರುವುದರಿಂದ ಬೇಗ ಕಾಯ್ದಿರಿಸುವುದು ಒಳ್ಳೆಯದು. ಚಳಿಗಾಲದಲ್ಲಿ ಉತ್ತರ ಅಟ್ಲಾಂಟಿಕ್‌ನ ಬಿರುಗಾಳಿಗಳು ಎಬ್ಬಿಸಿದ ದೊಡ್ಡ ಅಲೆಗಳು ಆಗೊಮ್ಮೆ ಈಗೊಮ್ಮೆ ಉತ್ತರ ಮತ್ತು ಪಶ್ಚಿಮ ತೀರಗಳಿಗೂ ಬರುತ್ತವೆ. ಒಂದೆರಡು ದಿನದಲ್ಲಿ ಇಳಿಯುತ್ತವೆ. ಮೂರು ನಾಲ್ಕು ಹೋಟೆಲುಗಳಿಗೆ ಪಟ್ಟಿ ಇಳಿದ ಮೇಲೆ ಪ್ರತಿಯೊಂದಕ್ಕೂ ಇಮೇಲ್ ಬರೆದು ಈ ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯಿರಿ. ನೀರಿಗಿಳಿಯುವ ಕಡೆ ಕಾಲಡಿ ಮರಳಿದೆಯೋ ಬಂಡೆಯೋ? ನಮ್ಮ ಕೋಣೆಯಿಂದ ಕಡಲಿಗೆ ಎಷ್ಟು ಮೆಟ್ಟಿಲು? ತೀರದಲ್ಲಿ ಜೀವರಕ್ಷಕರು ಇರುತ್ತಾರೆಯೇ? ನಾವು ಬರುವ ವಾರ ಹೋಟೆಲಿನಲ್ಲಿ ಅಥವಾ ಪಕ್ಕದ ನಿವೇಶನದಲ್ಲಿ ಕಟ್ಟಡದ ಕೆಲಸ ನಡೆಯುತ್ತಿರುತ್ತದೆಯೇ? ಉತ್ತರ ಬರುವ ವೇಗ ಮತ್ತು ಸ್ಪಷ್ಟತೆಯೇ ಆ ಹೋಟೆಲಿನ ಬಗ್ಗೆ ಸಾಕಷ್ಟು ತಿಳಿಸುತ್ತದೆ. ಜಾಹೀರಾತಿನ ಚಿತ್ರಗಳ ಬದಲು ಉಪಗ್ರಹ ನಕ್ಷೆಯನ್ನೂ, ಕಳೆದ ಫೆಬ್ರುವರಿಯಲ್ಲಿ ಅತಿಥಿಗಳೇ ತೆಗೆದು ಹಾಕಿದ ಚಿತ್ರಗಳನ್ನೂ ನೋಡಿ.

ಪ್ರಶ್ನೆ: ಎಲ್ಲವೂ ಸೇರಿದ ‘ಆಲ್ ಇನ್‌ಕ್ಲೂಸಿವ್’ ದರ ಲಾಭವೋ, ಕೋಣೆಗೆ ಮಾತ್ರ ಹಣ ಕೊಟ್ಟು ಊಟ ಬೇರೆ ಮಾಡಿಕೊಳ್ಳುವುದು ಲಾಭವೋ? ನಾವು ಮದ್ಯ ಕುಡಿಯುವವರಲ್ಲ.

ಉತ್ತರ: ನಿಮ್ಮ ಕೊನೆಯ ವಾಕ್ಯದಲ್ಲಿಯೇ ಅರ್ಧ ಉತ್ತರವಿದೆ. ಇಂಥ ದರದಲ್ಲಿ ಮದ್ಯದ ಪಾಲು ಸಣ್ಣದಲ್ಲ. ಕುಡಿಯದವರು ಕುಡಿಯುವವರ ಲೆಕ್ಕವನ್ನೂ ಹಂಚಿಕೊಂಡಂತಾಗುತ್ತದೆ. ಹಾಗೆಂದು ಇದನ್ನು ಪೂರ್ತಿ ತಳ್ಳಿಹಾಕಲಾರೆ. ಡೊಮಿನಿಕನ್ ಗಣರಾಜ್ಯದ ಪುಂಟಾ ಕಾನಾದಲ್ಲಿ, ಜಮೈಕಾದ ಉತ್ತರ ತೀರದ ಅನೇಕ ಕಡೆಗಳಲ್ಲಿ ರೆಸಾರ್ಟುಗಳು ಊರಿನಿಂದ ದೂರ, ತಮ್ಮದೇ ಆವರಣದೊಳಗೆ ಇರುತ್ತವೆ. ಹೊರಗೆ ನಡೆದು ಹೋಗಿ ಊಟ ಮಾಡುವ ದಾರಿಯೇ ಇಲ್ಲದ ಇಂಥಲ್ಲಿ, ಅದರಲ್ಲೂ ಹೊತ್ತುಹೊತ್ತಿಗೆ ಹಸಿವೆನ್ನುವ ಮಕ್ಕಳಿದ್ದರೆ, ಎಲ್ಲವೂ ಸೇರಿದ ದರವೇ ನೆಮ್ಮದಿ. ಬಾರ್ಬಡೋಸಿನ ದಕ್ಷಿಣ ತೀರದಲ್ಲೋ ಅರೂಬಾದಲ್ಲೋ ಹೋಟೆಲಿನ ಬಾಗಿಲು ದಾಟಿದರೆ ತಿನ್ನಲು ಹತ್ತು ಜಾಗಗಳಿವೆ. ಶುಕ್ರವಾರ ರಾತ್ರಿ ಬಾರ್ಬಡೋಸಿನ ಆಯ್ಸ್ಟಿನ್ಸ್ ಎಂಬ ಮೀನುಗಾರರ ಊರಿನಲ್ಲಿ ಬಯಲಲ್ಲೇ ಮೀನು ಹುರಿಯುತ್ತ, ಹಾಡು ಕುಣಿತದೊಂದಿಗೆ ನಡೆಯುವ ಜಾತ್ರೆಯಂಥ ಸಂಜೆಯನ್ನು ಎಲ್ಲವೂ ಸೇರಿದ ದರದ ಗುರುತಾದ ಮಣಿಕಟ್ಟಿನ ಪಟ್ಟಿ ಕಟ್ಟಿಕೊಂಡು ರೆಸಾರ್ಟಿನೊಳಗೇ ಉಳಿದವರು ಕಳೆದುಕೊಳ್ಳುತ್ತಾರೆ. ಅಂಥ ಊರುಗಳಲ್ಲಿ ಬೆಳಗಿನ ಉಪಾಹಾರ ಮಾತ್ರ ಸೇರಿದ ದರ ಸಾಕು.

‘ಎಲ್ಲವೂ’ ಎಂಬ ಮಾತಿಗೆ ಗಡಿಗಳಿವೆ. ಮೋಟಾರಿನ ಜಲಕ್ರೀಡೆ, ಸ್ಪಾ, ಹೊರಗಿನ ಪ್ರವಾಸ, ಕೆಲವು ವಿಶೇಷ ಊಟದ ಮನೆಗಳು, ಎಷ್ಟೋ ಕಡೆ ವಿಮಾನ ನಿಲ್ದಾಣದ ವಾಹನವೂ ಅದರಲ್ಲಿ ಸೇರಿರುವುದಿಲ್ಲ. ಹೋಲಿಸುವಾಗ ಮೊದಲ ಪುಟದ ದರವನ್ನು ಹೋಲಿಸಬೇಡಿ. ಸರ್ಕಾರದ ತೆರಿಗೆ, ಸಾಮಾನ್ಯವಾಗಿ ಶೇಕಡಾ 10ರಿಂದ 15ರಷ್ಟಿರುವ ಸೇವಾ ಶುಲ್ಕ, ಕೆಲವು ಹೋಟೆಲುಗಳು ದಿನದ ಲೆಕ್ಕದಲ್ಲಿ ಹಾಕುವ ರೆಸಾರ್ಟ್ ಶುಲ್ಕ ಎಲ್ಲವನ್ನೂ ಕೂಡಿಸಿದ ಕೊನೆಯ ಮೊತ್ತವನ್ನೇ ಹೋಲಿಸಬೇಕು. ದರ ಯಾವ ಹಣದಲ್ಲಿದೆ ಎಂಬುದೂ ಮುಖ್ಯ. ಒಂದು ಅಮೆರಿಕನ್ ಡಾಲರಿಗೆ ಎರಡು ಬಾರ್ಬಡೋಸ್ ಡಾಲರ್, ಸೇಂಟ್ ಲೂಸಿಯಾದಂಥ ದ್ವೀಪಗಳಲ್ಲಿ ನಡೆಯುವ ಪೂರ್ವ ಕೆರಿಬಿಯನ್ ಡಾಲರ್ 2.70. ಕೇಮನ್ ದ್ವೀಪಗಳ ಡಾಲರ್ ಮಾತ್ರ ಅಮೆರಿಕನ್ ಡಾಲರಿಗಿಂತ ತೂಕದ್ದು, ಒಂದಕ್ಕೆ 1.20 ಅಮೆರಿಕನ್ ಡಾಲರ್. ಅಲ್ಲಿ ಊಟದ ಪಟ್ಟಿ ನೋಡಿ ಅಗ್ಗವೆಂದು ಸಂತೋಷಪಟ್ಟವರು ಬಿಲ್ಲು ಬಂದಾಗ ಪೇಚಿಗೆ ಸಿಕ್ಕಿದ್ದಾರೆ.

ಇದಕ್ಕೆ ಸೇರಿದ ಇನ್ನೊಂದು ವಿಚಾರ ಹೇಳಬೇಕು. ಬಾರ್ಬಡೋಸ್ ಮತ್ತು ಆಂಟಿಗುವಾದಲ್ಲಿ ಕಡಲತೀರಗಳೆಲ್ಲ ಸಾರ್ವಜನಿಕ. ಎಷ್ಟೇ ದುಬಾರಿ ಹೋಟೆಲಿನ ಮುಂದೆಯೂ ಊರಿನವರು ನಡೆಯುತ್ತಾರೆ, ಈಜುತ್ತಾರೆ, ಮಾರಾಟಗಾರರು ಬರುತ್ತಾರೆ. ಜಮೈಕಾದಲ್ಲಿ 1956ರ ತೀರ ನಿಯಂತ್ರಣ ಕಾಯ್ದೆಯಡಿ ಜನರಿಗೆ ಅಂಥ ಸಾಮಾನ್ಯ ಹಕ್ಕಿಲ್ಲ. ಅನೇಕ ತೀರಗಳು ಹೋಟೆಲಿನ ಅತಿಥಿಗಳಿಗೇ ಮೀಸಲು, ಇದರ ಬಗ್ಗೆ ಅಲ್ಲಿಯವರಲ್ಲಿ ನೋವೂ ಹೋರಾಟವೂ ಇವೆ. ಏಕಾಂತವನ್ನೇ ಬಯಸುವವರು ಎರಡರ ವ್ಯತ್ಯಾಸ ತಿಳಿದು ಆರಿಸಲಿ. ನನ್ನ ಮಟ್ಟಿಗೆ ಹೇಳುವುದಾದರೆ, ದ್ವೀಪದ ಮಕ್ಕಳು ಶಾಲೆ ಬಿಟ್ಟು ಬಂದು ಈಜುವ ತೀರವೇ ಹೆಚ್ಚು ಪ್ರಿಯ.

ಪ್ರಶ್ನೆ: ಸೆಪ್ಟೆಂಬರಿನಲ್ಲಿ ದರ ಬಹಳ ಇಳಿದಿರುತ್ತದೆ. ಚಂಡಮಾರುತದ ಭಯದಿಂದ ಈ ಅವಕಾಶವನ್ನು ಬಿಡಬೇಕೆ?

ಉತ್ತರ: ಅಟ್ಲಾಂಟಿಕ್ ಚಂಡಮಾರುತಗಳ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಅದರ ಉತ್ತುಂಗ ಆಗಸ್ಟ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ, ಸೆಪ್ಟೆಂಬರ್ ಅದರ ಹೃದಯಭಾಗ. ದರ ಇಳಿಯುವುದಕ್ಕೆ ಕಾರಣ ಅದೇ. ಇರ್ಮಾ ಮತ್ತು ಮರಿಯಾ ಎಂಬ ಚಂಡಮಾರುತಗಳು 2017ರ ಸೆಪ್ಟೆಂಬರಿನಲ್ಲಿ ಎರಡು ವಾರಗಳ ಅಂತರದಲ್ಲಿ ಬಾರ್ಬುಡಾ, ಸೇಂಟ್ ಮಾರ್ಟಿನ್, ಡೊಮಿನಿಕಾ, ಪೋರ್ಟೊ ರಿಕೊಗಳನ್ನು ಹಾಳುಗೆಡವಿದವು.

ಹೋಗಲೇಬೇಕೆಂದಿದ್ದರೆ ದಕ್ಷಿಣಕ್ಕೆ ಹೋಗಿ. ವೆನೆಜುವೆಲಾದ ಕರಾವಳಿಗೆ ಹತ್ತಿರವಿರುವ ಅರೂಬಾ, ಬೊನೇರ್, ಕುರಸಾವೊ ಮತ್ತು ಟ್ರಿನಿಡಾಡ್-ಟೊಬಾಗೊ ಚಂಡಮಾರುತಗಳ ಸಾಮಾನ್ಯ ದಾರಿಯಿಂದ ಕೆಳಗಿವೆ. ಅಪಾಯ ಕಡಿಮೆ ಎಂದಷ್ಟೇ ಇದರ ಅರ್ಥ. ಗ್ರೆನೆಡಾ ಕೂಡ ದಕ್ಷಿಣದ್ದು, ಬಹುಕಾಲ ಸುರಕ್ಷಿತವೆಂದೇ ಹೆಸರಾಗಿತ್ತು. 2004ರ ಸೆಪ್ಟೆಂಬರಿನಲ್ಲಿ ಐವನ್ ಅಲ್ಲಿಯ ಬಹುಪಾಲು ಮನೆಗಳಿಗೆ ಹಾನಿ ಮಾಡಿತು. ಅದೇ ದೇಶದ ಕ್ಯಾರಿಯಾಕು ದ್ವೀಪದ ಮೇಲೆ ಬೆರಿಲ್ ಎರಗಿದ್ದು 2024ರ ಜುಲೈ 1ರಂದು, ಕಾಲ ಆರಂಭವಾಗಿ ಒಂದೇ ತಿಂಗಳಿಗೆ.

ಪ್ರವಾಸ ವಿಮೆಯನ್ನು ಕಾಯ್ದಿರಿಸಿದ ದಿನವೇ ತೆಗೆದುಕೊಳ್ಳಿ. ಚಂಡಮಾರುತಕ್ಕೆ ಒಮ್ಮೆ ಹೆಸರಿಟ್ಟರೆ, ಆಮೇಲೆ ಕೊಂಡ ವಿಮೆ ಸಾಮಾನ್ಯವಾಗಿ ಅದರಿಂದಾದ ನಷ್ಟವನ್ನು ತುಂಬಿಕೊಡುವುದಿಲ್ಲ. ಹೋಟೆಲಿನ ನಿಯಮ ಓದುವಾಗ ‘ಹಣ ವಾಪಸು’ ಮತ್ತು ‘ಮುಂದಿನ ವಾಸ್ತವ್ಯಕ್ಕೆ ಜಮೆ’ ಎಂಬ ಎರಡು ಮಾತುಗಳ ನಡುವಿನ ವ್ಯತ್ಯಾಸ ಗಮನಿಸಿ. ಎರಡನೆಯದು ಸಿಕ್ಕರೆ ನೀವು ಮತ್ತೆ ವಿಮಾನದ ಖರ್ಚು ಹಾಕಬೇಕು. ಅನೇಕ ಹೋಟೆಲುಗಳು ದುರಸ್ತಿಗೆಂದು ಬಾಗಿಲು ಹಾಕುವುದು, ಅಥವಾ ಅರ್ಧ ಭಾಗವನ್ನಷ್ಟೇ ನಡೆಸುವುದು ಉತ್ತುಂಗದ ಈ ಎರಡು ತಿಂಗಳಲ್ಲೇ. ಯಾವ ಈಜುಕೊಳ, ಯಾವ ಊಟದ ಮನೆ ತೆರೆದಿರುತ್ತದೆ ಎಂದು ಕೇಳಿ. ಜಮೈಕಾದ ವಿಷಯದಲ್ಲಿ ಇನ್ನೂ ಒಂದು ಮಾತು: 2025ರ ಅಕ್ಟೋಬರ್ 28ರಂದು ಮೆಲಿಸ್ಸಾ ಆ ದ್ವೀಪದ ಪಶ್ಚಿಮ ಭಾಗವನ್ನು ತೀವ್ರವಾಗಿ ಹೊಡೆದಿದೆ. ಅದಕ್ಕಿಂತ ಹಿಂದಿನ ಅತಿಥಿ ವಿಮರ್ಶೆಗಳನ್ನು ಅಲ್ಲಿಯ ಹೋಟೆಲುಗಳಿಗೆ ಆಧಾರವಾಗಿ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಹೋದ ಜೂನ್ ತಿಂಗಳಿನಲ್ಲಿ ಪುಂಟಾ ಕಾನಾಕ್ಕೆ ಹೋಗಿದ್ದೆವು. ತೀರದುದ್ದಕ್ಕೂ ಕಂದು ಬಣ್ಣದ ಕಳೆ ಮೊಣಕಾಲೆತ್ತರ ಬಿದ್ದಿತ್ತು, ಕೊಳೆತ ಮೊಟ್ಟೆಯಂಥ ವಾಸನೆ. ಹೋಟೆಲಿನವರು ‘ಇದು ಪ್ರಕೃತಿ’ ಎಂದು ಕೈ ಚೆಲ್ಲಿದರು. ಮುಂದಿನ ಬಾರಿ ಇದನ್ನು ತಪ್ಪಿಸುವುದು ಹೇಗೆ?

ಉತ್ತರ: ನಿಮ್ಮ ನಿರಾಸೆ ನನಗೆ ಅರ್ಥವಾಗುತ್ತದೆ. ನೀವು ಕಂಡದ್ದು ಸರ್ಗಾಸಮ್ ಎಂಬ ತೇಲುವ ಕಡಲಕಳೆ. 2011ರಿಂದ ಈಚೆಗೆ ಅಟ್ಲಾಂಟಿಕ್‌ನ ಉಷ್ಣವಲಯದಲ್ಲಿ ಅದು ಅಗಾಧ ಪ್ರಮಾಣದಲ್ಲಿ ಬೆಳೆದು, ಪಶ್ಚಿಮ ಆಫ್ರಿಕಾದ ಕಡೆಯಿಂದ ಮೆಕ್ಸಿಕೊ ಕೊಲ್ಲಿಯವರೆಗೆ ಪಟ್ಟಿಯಂತೆ ಹರಡಿಕೊಳ್ಳುತ್ತಿದೆ. ತೆರೆದ ಕಡಲಿನಲ್ಲಿ ಅದು ಆಮೆ ಮರಿಗಳಿಗೂ ಮೀನುಗಳಿಗೂ ಆಸರೆ. ದಡಕ್ಕೆ ಬಂದು ರಾಶಿ ಬಿದ್ದು ಕೊಳೆತಾಗ ಹೈಡ್ರೋಜನ್ ಸಲ್ಫೈಡ್ ಅನಿಲ ಬಿಡುತ್ತದೆ. ಆ ವಾಸನೆ ಅದರದೇ. ಉಬ್ಬಸವಿರುವವರು ಅಂಥ ರಾಶಿಯಿಂದ ದೂರವಿರಬೇಕು.

ಸುಮಾರು ಮಾರ್ಚಿನಿಂದ ಆಗಸ್ಟ್ ಕೊನೆಯವರೆಗೆ ಇದರ ಕಾಟ ಹೆಚ್ಚು. ಗಾಳಿಯೂ ಪ್ರವಾಹವೂ ಅದನ್ನು ತಂದು ಸುರಿಯುವುದು ಮುಖ್ಯವಾಗಿ ಪೂರ್ವಕ್ಕೆ ಮುಖ ಮಾಡಿದ ತೀರಗಳಿಗೆ. ಪುಂಟಾ ಕಾನಾದ ಬವಾರೊ ತೀರ ನೋಡುವುದು ಪೂರ್ವಕ್ಕೇ. ಅದೇ ಜೂನ್ ತಿಂಗಳಿನಲ್ಲಿ ನೆಗ್ರಿಲ್, ಗ್ರ್ಯಾಂಡ್ ಕೇಮನ್‌ನ ಸೆವೆನ್ ಮೈಲ್ ಬೀಚ್, ಗ್ರೆನೆಡಾದ ಗ್ರ್ಯಾಂಡ್ ಆನ್ಸ್‌ನಂಥ ಪಶ್ಚಿಮ ತೀರಗಳಲ್ಲಿ ಇದು ಸಾಮಾನ್ಯವಾಗಿ ಬಹಳ ಕಡಿಮೆ. ಸೌತ್ ಫ್ಲೋರಿಡಾ ವಿಶ್ವವಿದ್ಯಾಲಯದ ತಂಡ ಉಪಗ್ರಹ ಚಿತ್ರಗಳ ಆಧಾರದ ಮೇಲೆ ತಿಂಗಳ ವರದಿಗಳನ್ನು ಪ್ರಕಟಿಸುತ್ತದೆ. ಹಣ ಕಟ್ಟುವ ಮೊದಲು ಅದನ್ನೊಮ್ಮೆ ನೋಡಿ.

ಕಳೆ ಬರುವುದು ಪ್ರಕೃತಿಯೇ ನಿಜ, ಆದರೆ ಅದನ್ನು ಎದುರಿಸುವುದು ಹೋಟೆಲಿನ ಕೆಲಸ. ನೀರಿನಲ್ಲಿ ತೇಲುವ ತಡೆ ಹಾಕಿ, ಬೆಳಗಾಗುವ ಮೊದಲೇ ದಡ ತೆರವು ಮಾಡುವ ರೆಸಾರ್ಟುಗಳಿವೆ. ಏನೂ ಮಾಡದವೂ ಇವೆ. ಇದನ್ನು ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳುವ ಹಕ್ಕು ನಿಮಗಿದೆ.

ಪ್ರಶ್ನೆ: ನಾವು ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು. ಒಂದು ವಾರ ಹಣ್ಣು ತಿಂದೇ ಇರಬೇಕಾಗುತ್ತದೆಯೇ?

ಉತ್ತರ: ಖಂಡಿತ ಇಲ್ಲ. 1845ರ ಮೇ 30ರಂದು ಫತೆಲ್ ರಜಾಕ್ ಎಂಬ ಹಡಗು ಭಾರತದಿಂದ ಕರಾರಿನ ಕೂಲಿಗಳನ್ನು ಹೊತ್ತು ಟ್ರಿನಿಡಾಡ್ ತಲುಪಿತು. ಕಬ್ಬಿನ ತೋಟಗಳಲ್ಲಿ ಬೆವರು ಸುರಿಸಿದ ಆ ಜನರ ಮೊಮ್ಮಕ್ಕಳ ಅಡುಗೆ ಇಂದು ಇಡೀ ದೇಶದ ಅಡುಗೆಯಾಗಿದೆ. ಕಡಲೆಕಾಳಿನ ಪಲ್ಯವನ್ನು ಎರಡು ಮೃದುವಾದ ಕರಿದ ರೊಟ್ಟಿಗಳ ನಡುವೆ ಇಟ್ಟು ಕೊಡುವ ‘ಡಬಲ್ಸ್’ ಅಲ್ಲಿ ಬೀದಿಬೀದಿಯಲ್ಲಿ ಸಿಗುತ್ತದೆ. ಬೇಳೆ ತುಂಬಿದ ದಾಲ್‌ಪುರಿಯೂ ಅಷ್ಟೇ ಸುಲಭ. ಕಡಲತೀರವೂ ಈ ಊಟವೂ ಒಟ್ಟಿಗೆ ಬೇಕಾದರೆ ಟೊಬಾಗೊದ ನೈರುತ್ಯ ಮೂಲೆಯ ಪಿಜನ್ ಪಾಯಿಂಟ್, ಸ್ಟೋರ್ ಬೇ ಸುತ್ತಮುತ್ತ ಹೋಟೆಲ್ ನೋಡಿ. ವಿಮಾನ ನಿಲ್ದಾಣವೂ ಪಕ್ಕದಲ್ಲೇ ಇದೆ. ಜಮೈಕಾದಲ್ಲಿ ರಾಸ್ತಫಾರಿ ಪಂಥದವರ ‘ಐಟಲ್’ ಅಡುಗೆ ಮಾಂಸವಿಲ್ಲದ್ದು, ತೆಂಗಿನ ಹಾಲಿನ ರುಚಿಯದು.

ದೊಡ್ಡ ರೆಸಾರ್ಟುಗಳ ಬಫೆಯಲ್ಲಿ ಎಚ್ಚರ ಬೇಕು. ತರಕಾರಿ ಸೂಪಿಗೆ ಕೋಳಿಯ ಸಾರು, ಕ್ಯಾಲಲೂ ಎಂಬ ಸೊಪ್ಪಿನ ಅಡುಗೆಗೆ ಏಡಿ ಅಥವಾ ಉಪ್ಪಿಟ್ಟ ಮಾಂಸ ಹಾಕುವುದು ವಾಡಿಕೆ. ‘ಸಸ್ಯಾಹಾರಿ’ ಎಂದಷ್ಟೇ ಹೇಳಿದರೆ ಮೀನು ಬರಬಹುದು. ಮಾಂಸ, ಮೀನು, ಮೊಟ್ಟೆ, ಮಾಂಸದ ಸಾರು ಯಾವುದೂ ಬೇಡವೆಂದು ಬಿಡಿಸಿ ಬರೆದು, ತಲುಪಿದ ದಿನ ಮುಖ್ಯ ಬಾಣಸಿಗರನ್ನು ಭೇಟಿಯಾಗಿ. ಐವತ್ತು ಅರವತ್ತು ಕೋಣೆಗಳ ಸಣ್ಣ ಹೋಟೆಲುಗಳಲ್ಲಿ ಈ ಮಾತನ್ನು ಹೆಚ್ಚು ಮನಸ್ಸಿಟ್ಟು ಕೇಳುತ್ತಾರೆಂಬುದು ನನ್ನ ಅನುಭವ.

ಪ್ರಶ್ನೆ: ‘ಓಷನ್ ವ್ಯೂ’, ‘ಓಷನ್ ಫ್ರಂಟ್’, ‘ಪಾರ್ಶಿಯಲ್ ವ್ಯೂ’ ಇವುಗಳಲ್ಲಿ ಯಾವುದಕ್ಕೆ ಹೆಚ್ಚು ಹಣ ಕೊಡುವುದು ಸರಿ?

ಉತ್ತರ: ‘ಓಷನ್ ಫ್ರಂಟ್’ ಎಂದರೆ ಕೋಣೆಯ ಮುಖ ನೇರವಾಗಿ ಕಡಲಿಗೆ. ‘ಓಷನ್ ವ್ಯೂ’ ಎಂದರೆ ಬಾಲ್ಕನಿಯಿಂದ ಕಡಲು ಕಾಣುತ್ತದೆ, ನಡುವೆ ರಸ್ತೆಯೋ ಇನ್ನೊಂದು ಕಟ್ಟಡವೋ ಇರಬಹುದು. ‘ಪಾರ್ಶಿಯಲ್’ ಎಂದರೆ ಪಕ್ಕಕ್ಕೆ ಕತ್ತು ಚಾಚಿದಾಗ ಕಾಣುವ ನೀಲಿ ಗೆರೆ. ಅದಕ್ಕೆ ಹೆಚ್ಚು ಹಣ ಕೊಡುವ ಬದಲು ತೋಟದ ಕಡೆಯ ಕೋಣೆ ತೆಗೆದುಕೊಳ್ಳುವುದೇ ಮೇಲು. ಕಡಲ ಮುಂದಿನ ‘ಬೀಚ್ ಫ್ರಂಟ್’ ಹೋಟೆಲಿಗೂ, ‘ಬೀಚಿಗೆ ಕೆಲವೇ ಹೆಜ್ಜೆ’ ಎಂದು ಬರೆದುಕೊಳ್ಳುವ ಹೋಟೆಲಿಗೂ ಇದೇ ಬಗೆಯ ಅಂತರವಿದೆ, ಎರಡನೆಯದರಲ್ಲಿ ಹೆದ್ದಾರಿ ದಾಟಬೇಕಾಗಿ ಬಂದೀತು. ದಿನವೆಲ್ಲ ತೀರದಲ್ಲೇ ಇರುವವರಿಗೆ ನೋಟದ ಹಣ ವ್ಯರ್ಥ. ಬೆಳಗ್ಗೆ ಸಂಜೆ ಬಾಲ್ಕನಿಯಲ್ಲಿ ಕುಳಿತು ಓದುವವರಾದರೆ ‘ಓಷನ್ ಫ್ರಂಟ್’ ಕೋಣೆಯನ್ನೇ ಕೇಳಿ, ಅದು ಎರಡನೆಯ ಮಹಡಿಗಿಂತ ಮೇಲಿರಲಿ. ಕೆಳಗಿನ ಮಹಡಿಗಳಲ್ಲಿ ಎಷ್ಟೋ ಸಲ ತೆಂಗಿನ ಗರಿಗಳೇ ಕಡಲನ್ನು ಮರೆಮಾಡಿರುತ್ತವೆ.